ಎರಡನೆಯ ಮೊಳೆ

ಕಳೆದ ತಿಂಗಳು ಬ್ರೂಕ್‌ಫೀಲ್ಡ್‌ನಲ್ಲಿರುವ ನನ್ನ ತಂಗಿ ರೇಣುಕಾಳ ಅಪಾರ್ಟ್‌ಮೆಂಟಿನಲ್ಲಿ ಹೆಂಗಸರೆಲ್ಲ ಒಂದು ಸಭೆ ಸೇರಿಸಿದ್ದರು. ಮನಸ್ಸಿನ ಕಾಯಿಲೆಗಳ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡೋಣ ಅನ್ನುವುದು ಉದ್ದೇಶ. ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಕಾಫಿ ಫ್ಲಾಸ್ಕು, ತಟ್ಟೆಯಲ್ಲಿ ತಣ್ಣಗಾಗುತ್ತಿದ್ದ ಸಮೋಸ. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ರೇಣು ಎದ್ದು ಹೋಗಿ ಮೈಕು ಹಿಡಿದಳು.

"ನಂಗೆ ಎಂಟನೇ ವಯಸ್ಸಿಂದ ಆಂಗ್ಸೈಟಿ ಇದೆ. ಮದುವೆ ಆದ್ಮೇಲೂ ಇತ್ತು, ಇವತ್ತೂ ಇದೆ. ಈಗ ನಿಮ್ಮ ಮುಂದೆ ನಿಂತಿದೀನಲ್ಲ, ಈಗ್ಲೂ ಎದೆ ಡಬಡಬ ಅಂತಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಒಳಗೆ ಎದ್ದದ್ದು ಅಭಿಮಾನವಲ್ಲ, ಶುದ್ಧ ಹೊಟ್ಟೆಕಿಚ್ಚು. ನಲವತ್ತು ದಾಟಿದ ಹೆಂಗಸು ಒಡಹುಟ್ಟಿದವಳ ಸೀರೆಗೋ ಸೈಟಿಗೋ ಹೊಟ್ಟೆಕಿಚ್ಚು ಪಟ್ಟರೆ ಲೋಕ ಒಪ್ಪುತ್ತದೆ. ನಾನು ಅವಳ ಕಾಯಿಲೆಗೆ ಪಡುತ್ತೇನೆ. ಇದು ಹೊಸದೂ ಅಲ್ಲ, ಹದಿಮೂರನೆಯ ವಯಸ್ಸಿನಿಂದ ಸಾಕಿಕೊಂಡು ಬಂದದ್ದು. ರೇಣು ಕೈಚೀಲದಿಂದ ಅಂಗೈಯಗಲದ ಒಂದು ಹಳದಿ ಕಾರ್ಡು ತೆಗೆದು ಎತ್ತಿ ತೋರಿಸಿದಳು. ಬಾಯಿಬಿಟ್ಟು ಹೇಳಕ್ಕಾಗದೆ ಇದ್ದಾಗ ಇದನ್ನ ನೇತುಹಾಕು ಅಂತ ನಮ್ಮಪ್ಪ ಕೊಟ್ಟಿದ್ರು, ಅಂದಳು. ಮುಂದಿನ ಸಾಲಿನ ಒಬ್ಬಾಕೆ, ನಡುವೆ ಯಾಕೆ ಮಡಿಕೆ ಬಿದ್ದಿದೆ ಎಂದು ಕೇಳಿದರು. "ಹಳೇದಲ್ವಾ ಮೇಡಂ," ಅಂದಳು ರೇಣು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಸೆರಗು ಸರಿಮಾಡಿಕೊಂಡೆ. ಆ ಮಡಿಕೆ ಹಾಕಿದವಳು ನಾನು. ಮಾತು ಮುಗಿದ ಮೇಲೆ ಮೈಕು ಕೈಯಿಂದ ಕೈಗೆ ಬಂತು, ಇಷ್ಟವಿದ್ದವರು ಮಾತಾಡಬಹುದು ಎಂದು. ನನ್ನ ಹತ್ತಿರ ಬಂದಾಗ ಒಂದು ಕ್ಷಣ ಹಿಡಿದುಕೊಂಡು ಪಕ್ಕದವರಿಗೆ ದಾಟಿಸಿಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಮ್ಮ ಮನೆ ಜಾಲಹಳ್ಳಿ ಕ್ರಾಸಿನ ಹಿಂದಿನ ಒಂದು ಗಲ್ಲಿಯಲ್ಲಿತ್ತು. ಸ್ವಲ್ಪ ದೂರದಲ್ಲಿ ಸರ್ಕಾರಿ ಕಾರ್ಖಾನೆಗಳ ಕ್ವಾರ್ಟರ್ಸುಗಳು. ಅಲ್ಲಿ ಸಾಲುಮರ, ನೆರಳು, ಸಂಜೆ ಶಟಲ್ ಆಡುವ ಮಕ್ಕಳು. ನಮ್ಮ ಗಲ್ಲಿಯಲ್ಲಿ ಸಾಲಾಗಿ ಮೂರು ಬಾಡಿಗೆ ಮನೆ, ಮೇಲೆ ಓನರ್ ಆಂಟಿ, ಗೋಡೆಗೆ ಅಂಟಿಕೊಂಡಂತೆ ತಗಡು ಒತ್ತುವ ಒಂದು ಸಣ್ಣ ವರ್ಕ್‌ಶಾಪು. ಅದರ ಪ್ರೆಸ್ಸು ಬಡಿದಾಗಲೆಲ್ಲ ನಮ್ಮ ಲೋಟದ ನೀರು ಅಲುಗುತ್ತಿತ್ತು. ಹಾವೇರಿ ಕಡೆಯಿಂದ ಬಂದ ಅಪ್ಪ ಪೀಣ್ಯದ ಒಂದು ಗೇರ್‌ಚಕ್ರ ಮಾಡುವ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಫಿಟ್ಟರ್. ಕೆಟ್ಟ ಯಂತ್ರ ರಿಪೇರಿ ಮಾಡುವುದು ಅವನ ಕೆಲಸ, ಆದರೆ ಅವನಿಗೆ ಹೆಮ್ಮೆ ಇದ್ದದ್ದು ಕೆಡುವ ಮೊದಲೇ ಕಂಡುಹಿಡಿಯುವುದರಲ್ಲಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಮನೆಯಲ್ಲೂ ಅಷ್ಟೇ. ಮಿಕ್ಸಿ, ನೀರಿನ ಮೋಟರು, ಓನರ್ ಆಂಟಿಯ ಟೇಬಲ್ ಫ್ಯಾನು, ಎಲ್ಲಕ್ಕೂ ಅವನ ಕಿವಿ. ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಇವತ್ತು ಊರಿಂದ ಕಾಗದ ಬಂದಿದೆ, ಯಾರೋ ಏನೋ ಬರೆದಿದ್ದಾರೆ ಎಂದು ಹೇಳುತ್ತಿದ್ದ. ಹೆಚ್ಚಿನ ಸಲ ಸರಿಯಾಗಿರುತ್ತಿತ್ತು.

ರೇಣುವಿಗೆ ಭಯ ಶುರುವಾದದ್ದು ಅವಳು ಮೂರನೆಯ ಕ್ಲಾಸಿನಲ್ಲಿದ್ದಾಗ. ಸ್ಕೂಲಿನ ಪ್ರಾರ್ಥನೆಯ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಉಸಿರು ಮೇಲೆಳೆದುಕೊಳ್ಳುತ್ತಿದ್ದಳು, ಕೈ ತಣ್ಣಗಾಗುತ್ತಿತ್ತು, ತುಟಿ ಬಿಳಿಚುತ್ತಿತ್ತು. ಏನಾಯಿತು ಎಂದು ಕೇಳಿದರೆ ಒಂದು ಅಕ್ಷರ ಹೊರಡುತ್ತಿರಲಿಲ್ಲ. ಗಾಳಿ ಸೋಕಿದೆ ಎಂದು ಓನರ್ ಆಂಟಿ ತೀರ್ಪು ಕೊಟ್ಟರು. ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಹಿತ್ತಲಿನ ನೀರೊಲೆಗೆ ಹಾಕಿದಳು, ಘಾಟು ಬಂತೋ ಇಲ್ಲವೋ ಎಂದು ಮೂಗು ಚಾಚಿ ನೋಡಿದಳು, ಊರಿನ ಮಠದಿಂದ ತರಿಸಿದ ವಿಭೂತಿ ಹಣೆಗೆ ಹಚ್ಚಿದಳು. ರೇಣುವಿನ ತೋಳಿಗೆ ಒಂದು ತಾಯಿತ ಬಂತು, ಕೊರಳಿಗೆ ಇನ್ನೊಂದು. ಆ ತಿಂಗಳೆಲ್ಲ ಅವಳು ಅವ್ವನ ಮಡಿಲಲ್ಲೇ ಊಟ ಮಾಡಿದಳು. ನಾನು ತಟ್ಟೆ ತೊಳೆದೆ.

ಇಲ್ಲಿ ನನ್ನ ವಿಷಯ ಹೇಳಬೇಕು. ನನಗೂ ಭಯವಿತ್ತು. ಮನೆಯಿಂದ ಹೊರಟರೆ ಗ್ಯಾಸಿನ ರೆಗ್ಯುಲೇಟರ್ ಆರಿಸಿದ್ದೇನೋ ಇಲ್ಲವೋ ಎಂದು ನಾಲ್ಕು ಸಲ ಹಿಂದಿರುಗಿ ಬರುತ್ತಿದ್ದೆ. ಚಿಲಕ ಎಳೆದು ನೋಡಿ, ಮತ್ತೆ ಎಳೆದು, ಗಲ್ಲಿಯ ತುದಿಗೆ ಹೋದವಳು ಓಡಿ ಬಂದು ಮತ್ತೊಮ್ಮೆ ಎಳೆಯುತ್ತಿದ್ದೆ. ಅಪ್ಪ ಬರುವುದು ಹತ್ತು ನಿಮಿಷ ತಡವಾದರೆ ಯಾವುದೋ ಯಂತ್ರ ಅವನ ಕೈ ಎಳೆದುಕೊಂಡಿತು ಎಂದು ಕಣ್ಣಿಗೆ ಕಟ್ಟಿದಂತೆ ಕಾಣಿಸುತ್ತಿತ್ತು. ಒಂದು ಮಧ್ಯಾಹ್ನ ಅಪ್ಪನ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಎದೆಗೆ ಒತ್ತಿ, ಹಿಡಿಗೆ ಕಿವಿ ಕೊಡಲು ಕತ್ತು ಕೊಂಕಿಸಿ ಪಾಡುಪಟ್ಟೆ. ಏನೂ ಕೇಳಿಸಲಿಲ್ಲ, ಕತ್ತು ಉಳುಕಿತು. ಇದನ್ನೆಲ್ಲ ಯಾರೂ ಭಯ ಅನ್ನಲಿಲ್ಲ. ಓನರ್ ಆಂಟಿಯ ಮುಂದೆ ಅವ್ವ ನನ್ನನ್ನು ಹೊಗಳುತ್ತಿದ್ದಳು:

"ನಮ್ಮ ಶೈಲಾ ಭಾಳ ಜವಾಬ್ದಾರಿ ಹುಡುಗಿ ರೀ. ಗ್ಯಾಸು, ಚಿಲಕ, ಎಲ್ಲಾ ಅಕೀನ ನೋಡ್ತಾಳ. ಗಟ್ಟಿ ಅದಾಳ."

ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಮಾತನ್ನು ಅವ್ವನೇ ನೂರು ಸಲ ಹೇಳಿದ್ದಳು. ಆದರೆ ಗಟ್ಟಿ ಎಂದು ಹೆಸರು ಬಿದ್ದವಳು ಅಳುವುದು ಹೇಗೆ? ಒಂದೇ ಮನೆಯಲ್ಲಿ ಒಂದೇ ಭಯಕ್ಕೆ ಅವಳಿಗೆ ಮಡಿಲು ಸಿಕ್ಕಿತು, ನನಗೆ ಕೆಲಸ ಸಿಕ್ಕಿತು. ನನ್ನ ತಕರಾರು ಇಷ್ಟೇ.

ತಾಯಿತದಿಂದ ಏನೂ ಆಗದಿದ್ದಾಗ ಅಪ್ಪ ರೇಣುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರ್ ಮೇಡಂ ಗಾಳಿಯೂ ಅಲ್ಲ ದೆವ್ವವೂ ಅಲ್ಲ, ಇದು ಭಯದ ಕಾಯಿಲೆ, ವಾರಕ್ಕೊಮ್ಮೆ ಕರೆತನ್ನಿ ಅಂದರಂತೆ. ಭಯ ಬಂದಾಗ ಬೈಯಬೇಡಿ, ಪ್ರಶ್ನೆ ಕೇಳಬೇಡಿ, ಬಂದಿದೆ ಎಂದು ಅವಳು ಹೇಗಾದರೂ ತಿಳಿಸುವಂತೆ ಮಾಡಿ ಅಂದರಂತೆ. ಅಪ್ಪ ಎರಡು ದಿನ ಯೋಚನೆ ಮಾಡಿದ. ಮೂರನೆಯ ದಿನ ಕಾರ್ಖಾನೆಯಿಂದ ಒಂದು ಹಳದಿ ಕಾರ್ಡು ತಂದ. ಅವರಲ್ಲಿ ಎರಡು ಬಗೆಯ ಕಾರ್ಡು ಇದ್ದವು. ಯಂತ್ರ ಕೆಟ್ಟು ನಿಂತರೆ ಕೆಂಪು. ಯಂತ್ರ ಓಡುತ್ತಿದೆ, ಆದರೆ ಸಪ್ಪಳ ಬೇರೆಯಾಗಿದೆ ಅನ್ನಿಸಿದರೆ ಅದನ್ನು ನಡೆಸುವವನು ಹಳದಿ ಕಾರ್ಡು ನೇತುಹಾಕುತ್ತಿದ್ದ. ಅಪ್ಪನೋ ಅವನ ಜೊತೆಯವರೋ ಬಂದು ಅದರ ಪಕ್ಕ ನಿಂತು ಕೇಳಬೇಕು. ಅಡುಗೆಮನೆಯ ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ಅಪ್ಪ ನಮ್ಮನ್ನೆಲ್ಲ ಕರೆದ.

"ನೋಡವ್ವಾ ರೇಣು, ಎದಿ ಬಡಕೊಳ್ಳಾಕ ಹತ್ತಿದ್ರ ಇದನ್ನ ಈ ಮೊಳಿಗೆ ಹಾಕು. ಮಾತಾಡಬ್ಯಾಡ. ಮನ್ಯಾಗ ಯಾರದಾರೋ ಅವರು ಬಂದು ನಿನ್ನ ಬಾಜೂಕ ಕುಂದರ್ತಾರ. ಯಾರೂ ಏನೂ ಕೇಳಂಗಿಲ್ಲ."

ಆಮೇಲೆ ಅವ್ವನ ಕಡೆ ತಿರುಗಿ ಹೇಳಿದ:

"ನಮ್ಮ ಕಾರ್ಖಾನಿ ಶಾಪಿನ್ಯಾಗ ಒಂದ ಕಾನೂನು ಐತಿ. ಕಾರ್ಡ್ ಹಾಕಿದಾಂವಗ ಬೈಯಂಗಿಲ್ಲ. ಬೈದ್ರ ಮುಂದಿನ ಸಲ ಸಪ್ಪಳ ಮುಚ್ಚಿಡ್ತಾನ, ಮಷಿನ್ ಒಡದಾ ಹೊಕ್ಕೇತಿ."

ಕಾರ್ಡನ್ನು ಮೊಳೆಯ ಕೆಳಗಿನ ಗೂಡಿನಲ್ಲಿ ಇಟ್ಟರು. ರೇಣು ಅದನ್ನು ಮೊದಲ ವಾರದಲ್ಲೇ ಐದು ಸಲ ನೇತುಹಾಕಿದಳು. ಒಂದು ಸಲ ಅವ್ವ ಕೈಗೆ ಹತ್ತಿದ ಹಿಟ್ಟು ತೊಳೆಯದೆ ಹಾಗೇ ಬಂದು ಕೂತಳು. ಒಂದು ಸಲ ಅಪ್ಪ ಮುಂಜಾನೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದವನು, ಎಡತೊಡೆಯ ಮೇಲೆ ಅವಳನ್ನು ಕೂರಿಸಿಕೊಂಡು ಪೂಜೆ ಮುಗಿಸಿದ. ನನ್ನ ಸರದಿ ಬಂದಾಗ ನಾನೂ ಕೂತೆ. ಅವಳ ತಣ್ಣನೆಯ ಕೈ ಹಿಡಿದುಕೊಂಡು, ಮನಸ್ಸಿನಲ್ಲಿ ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಇವಳಿಗೆ ಒಂದು ಕಾರ್ಡಿದೆ, ಇವಳ ಸಪ್ಪಳಕ್ಕೆ ಇಡೀ ಮನೆ ಕಿವಿ ಕೊಡುತ್ತದೆ. ನಾಟಕವಾಡುತ್ತಿದ್ದಾಳೆ ಎಂದು ನಂಬಲು ಎಷ್ಟೋ ಪ್ರಯತ್ನಪಟ್ಟೆ. ಆ ಕೈಯ ತಣುಪು ನಾಟಕವಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಎಂಟನೆಯ ಕ್ಲಾಸಿನ ಗಣಿತದ ಪರೀಕ್ಷೆಗೆ ಮುಂಚಿನ ಶನಿವಾರ, ಓದಲು ಕೂತರೆ ಅಕ್ಷರ ನಿಲ್ಲುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ, ಅವ್ವಾ, ಸ್ವಲ್ಪ ಹೊತ್ತು ನನ್ನ ಪಕ್ಕ ಕೂತ್ಕೊ ಎಂದೆ. ಅವ್ವ ಶೇಂಗಾ ಹುರಿಯುತ್ತಿದ್ದಳು. ಮರುದಿನ ಊರಿಂದ ಸೋದರಮಾವನ ಮನೆಯವರು ಬರುವವರಿದ್ದರು.

"ನಿನಗೇನಾಗೈತವ್ವಾ, ಗಟ್ಟಿ ಅದೀ ನೀನು. ಹೋಗು, ಓದ್ಕೊ. ಹಂಗ ತಂಗಿ ಏನ್ ಮಾಡಾಕತ್ತಾಳ ನೋಡು."

ಹೋಗಿ ನೋಡಿದೆ. ತಂಗಿ ಕುಂಟೆಬಿಲ್ಲೆ ಆಡುತ್ತಿದ್ದಳು. ನಾನು ಒಳಗೆ ಬಂದು ಗೂಡಿನಿಂದ ಹಳದಿ ಕಾರ್ಡು ತೆಗೆದು, ಎರಡಾಗಿ ಮಡಿಸಿ, ಕಂಪಾಸ್ ಬಾಕ್ಸಿನೊಳಗೆ ತುರುಕಿ ಮುಚ್ಚಳ ಹಾಕಿದೆ. ಅದನ್ನು ಬಳಸುವ ಆಸೆ ನನಗಿರಲಿಲ್ಲ. ಅವಳಿಗೆ ಇರಬಾರದು, ಅಷ್ಟೇ.

ಭಾನುವಾರ ನೆಂಟರು ಬಂದರು. ಚಿಕ್ಕ ಮನೆ, ದೊಡ್ಡ ಗಂಟಲು, ಮಂಡಕ್ಕಿಯ ಬುಟ್ಟಿ, ಮಾತಿನ ಮೇಲೆ ಮಾತು. ಅಪ್ಪನಿಗೆ ಓವರ್‌ಟೈಮ್ ಕೆಲಸ ಇತ್ತು, ಕಾರ್ಖಾನೆಗೆ ಹೋಗಿದ್ದ. ಸೋದರಮಾವ ರೇಣುವನ್ನು ನಡುವೆ ನಿಲ್ಲಿಸಿ, ಒಂದು ವಚನ ಹೇಳು ಮಗಳೇ ಅಂದ. ಅವಳ ತುಟಿ ಬಿಳಿಚಿದ್ದನ್ನು ನಾನು ನೋಡಿದೆ. ಅವಳು ಗೂಡಿನ ಹತ್ತಿರ ಹೋದಳು, ಕೈ ಆಡಿಸಿದಳು, ಬಗ್ಗಿ ನೆಲದ ಮೇಲೆ ಹುಡುಕಿದಳು. ತಿರುಗಿ ನನ್ನ ಮುಖ ನೋಡಿದಳು. ನಾನು ಮಂಡಕ್ಕಿಯಲ್ಲಿ ಶೇಂಗಾ ಆರಿಸುತ್ತಾ ಕೂತೆ. ಒಂದು ಮಾತು ಆಡಿದ್ದರೂ, ಎದ್ದು ಹೋಗಿ ಪಕ್ಕದಲ್ಲಿ ಕೂತಿದ್ದರೂ ಸಾಕಿತ್ತು. ಆಡಲಿಲ್ಲ, ಏಳಲಿಲ್ಲ. ಹುಡುಗಿಗೆ ನಾಚಿಕೆ ಎಂದು ಅತ್ತೆ ನಕ್ಕರು. ಊಟಕ್ಕೆ ಎಲೆ ಹಾಕಿದಾಗ ರೇಣು ಮನೆಯಲ್ಲಿರಲಿಲ್ಲ.

ಮುಂದಿನ ಒಂದೂವರೆ ಗಂಟೆ ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಮಾವ ಬಸ್‌ಸ್ಟಾಪಿಗೆ ಓಡಿದ, ಓನರ್ ಆಂಟಿ ಮಹಡಿ ಮೇಲಿನ ನೀರಿನ ಟ್ಯಾಂಕಿನಲ್ಲಿ ಇಣುಕಿದರು, ಅವ್ವ ಬಾಗಿಲಲ್ಲಿ ನಿಂತು ಗಲ್ಲಿಗೆಲ್ಲ ಕೇಳುವಂತೆ ಕೂಗಿದಳು. ನಾನು ಗ್ಯಾಸು ನೋಡಿದೆ, ಚಿಲಕ ನೋಡಿದೆ, ಮತ್ತೆ ಗ್ಯಾಸು ನೋಡಿದೆ. ಕಂಪಾಸ್ ಬಾಕ್ಸು ಚೀಲದಲ್ಲಿತ್ತು. ತೆಗೆದು ಗೂಡಿನಲ್ಲಿಟ್ಟುಬಿಡಲು ಎರಡು ಸಲ ಹೋದೆ, ಎರಡು ಸಲವೂ ಯಾರೋ ಎದುರಾದರು. ಕೊನೆಗೆ ಅಪ್ಪನ ಮೊಪೆಡ್ಡಿನ ಸದ್ದು ಕೇಳಿಸಿತು. ಮುಂದೆ, ಕಾಲಿಡುವ ಜಾಗದಲ್ಲಿ, ರೇಣು ನಿಂತಿದ್ದಳು. ಕೈಯಲ್ಲಿ ಕಾರ್ಖಾನೆಯ ಕ್ಯಾಂಟೀನಿನ ಬನ್ನು. ಎಂಟು ವರ್ಷದ ಹುಡುಗಿ, ಲಾರಿಗಳು ಓಡುವ ತುಮಕೂರು ರಸ್ತೆಯನ್ನು ಒಬ್ಬಳೇ ದಾಟಿ, ಅಪ್ಪನ ಕಾರ್ಖಾನೆಯ ಗೇಟಿನವರೆಗೆ ನಡೆದು ಹೋಗಿದ್ದಳು. ವಾಚ್‌ಮನ್ ಏನಮ್ಮಾ ಬೇಕು ಎಂದು ಕೇಳಿದ್ದಕ್ಕೆ ಒಂದೇ ಮಾತು ಹೇಳಿದ್ದಳಂತೆ:

"ಹಳದಿ ಕಾರ್ಡು."

ಅವಳು ಸುರಕ್ಷಿತವಾಗಿ ಬಂದಳಲ್ಲ ಎಂದು ನನಗೆ ಹೋದ ಜೀವ ಬಂದಂತಾಯಿತು. ಇದು ನಿಜ. ಅವಳು ಅಪ್ಪನ ಎರಡು ತೋಳುಗಳ ನಡುವೆ ನಿಂತು ಬನ್ನು ತಿನ್ನುತ್ತಾ ಬಂದದ್ದು ಕಂಡು ಮತ್ತೆ ಹೊಟ್ಟೆ ಉರಿಯಿತು. ಇದೂ ನಿಜ. ಎರಡರಲ್ಲಿ ಒಂದನ್ನೇ ಬರೆದರೆ ಸುಳ್ಳಾಗುತ್ತದೆ.

ಕಾರ್ಡು ಎಲ್ಲಿ ಹೋಯಿತು ಎಂದು ಅಪ್ಪ ಎಲ್ಲರನ್ನೂ ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಮರುದಿನ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿ ಪರೀಕ್ಷೆಗೆ ಹೊರಟಾಗ ಅವನು ಬಾಗಿಲ ಬಳಿ ಶೂ ಕಟ್ಟುತ್ತಿದ್ದವನು ತಲೆ ಎತ್ತಿದ.

"ಶೈಲವ್ವಾ, ನಿನ್ನ ಕಂಪಾಸ್ ಬಾಕ್ಸು ದಿನಾ ಗಲಗಲ ಅಂತಿತ್ತು. ಇವತ್ತ ಯಾಕ ಸುಮ್ಮನೈತಿ?"

ನಾನು ಚೀಲವನ್ನು ಎದೆಗೆ ಅವುಚಿಕೊಂಡೆ. ಅವನು ಮತ್ತೇನೂ ಕೇಳಲಿಲ್ಲ, ಶೂ ಕಟ್ಟಿ ಎದ್ದು ಹೋದ. ಪರೀಕ್ಷೆ ಮುಗಿಸಿ ಬಂದವಳೇ ಕಾರ್ಡನ್ನು ನೆಲಕ್ಕೆ ಒತ್ತಿ, ಕೈಯಿಂದ ತಿಕ್ಕಿ ನೇರ ಮಾಡಲು ನೋಡಿದೆ. ಮಡಿಕೆ ಹೋಗಲಿಲ್ಲ. ಹಾಗೇ ಗೂಡಿನಲ್ಲಿಟ್ಟೆ. ಸಂಜೆ ಅಪ್ಪ ಬಂದು ಅದನ್ನು ನೋಡಿದ, ತಿರುಗಿಸಿ ಮಡಿಕೆಯನ್ನೂ ನೋಡಿದ. ಸುತ್ತಿಗೆ ತಂದು ಮೊದಲ ಮೊಳೆಯ ಪಕ್ಕ, ಒಂದು ಗೇಣು ಬಿಟ್ಟು ಇನ್ನೊಂದು ಮೊಳೆ ಹೊಡೆದ. ಅಂಗಿಯ ಜೇಬಿನಿಂದ ಹೊಸ ಹಳದಿ ಕಾರ್ಡು ತೆಗೆದು ಹಳೆಯದರ ಮೇಲಿಟ್ಟ. ಇದು ಯಾರಿಗೆ ಎಂದು ಅವ್ವ ಕೇಳಿದಳು.

"ಯಾರಿಗೂ ಅಲ್ಲ. ಶಾಪಿನ್ಯಾಗ ಒಂದ ಕಾರ್ಡ್ ಇಡಂಗಿಲ್ಲ, ಕಳೀತಾವ."

ಯಾರ ಮೊಳೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಅದು ನನ್ನದು ಎಂದು ಎಲ್ಲರಿಗೂ ಗೊತ್ತಾಗಿಹೋಯಿತು. ಗುಡಿಸುವಾಗ ಅವ್ವ ಅದರ ಧೂಳು ಒರೆಸಿ ನನ್ನ ಮುಖ ನೋಡುತ್ತಿದ್ದಳು. ನಾನು ಅದಕ್ಕೆ ಕಾರ್ಡು ಹಾಕಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹಾಕಲಿಲ್ಲ, ಕಾಲೇಜಿನ ಬಸ್ಸಿನಲ್ಲಿ ಉಸಿರು ಕಟ್ಟಿ ಮಧ್ಯದಲ್ಲೇ ಇಳಿದು ಮನೆಗೆ ನಡೆದು ಬಂದ ದಿನವೂ ಹಾಕಲಿಲ್ಲ. ಕದ್ದವಳು ಯಾವ ಮುಖ ಇಟ್ಟುಕೊಂಡು ಹಾಕಬೇಕು? ರೇಣು ಮಾತ್ರ ತನ್ನದನ್ನು ಹಾಕುತ್ತಿದ್ದಳು, ತೆಗೆಯುತ್ತಿದ್ದಳು, ಬರಬರುತ್ತಾ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ. ಅವಳು ಮಾತಾಡಲು ಕಲಿತಳು. ಈಗ ಬರ್ತಿದೆ, ಸ್ವಲ್ಪ ಹೊತ್ತು ಇರುತ್ತೆ, ಹೋಗುತ್ತೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಿ ನಾನು ಕಾಲೇಜಿನ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅವಳ ಮಾತುಗಳನ್ನೇ ಕದ್ದು ಹೇಳಿಕೊಂಡಿದ್ದೇನೆ.

ನಾನು ಎರಡನೆಯ ಪಿಯುಸಿಯಲ್ಲಿದ್ದ ವರ್ಷ, ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಎರಡನೆಯ ಮೊಳೆಯಲ್ಲಿ ನೇತಾಡುತ್ತಿದ್ದ ಹಳದಿ ಕಾರ್ಡು. ನನಗೆ ಉರಿದುಹೋಯಿತು. ನಾಲ್ಕು ವರ್ಷ ನಾನು ಮುಟ್ಟದೆ ಕಾಯ್ದುಕೊಂಡು ಬಂದ ಮೊಳೆ. ತನ್ನದು ಸಾಲದೆಂದು ರೇಣು ಅದನ್ನೂ ಹಿಡಿದುಕೊಂಡಳಲ್ಲ! ಜಗಳ ತೆಗೆಯಲೆಂದೇ ಒಳಗೆಲ್ಲ ಹುಡುಕಿದೆ. ರೇಣು ಇನ್ನೂ ಸ್ಕೂಲಿನಿಂದ ಬಂದಿರಲಿಲ್ಲ, ಅವ್ವ ಸಂತೆಗೆ ಹೋಗಿದ್ದಳು. ಹಿತ್ತಲಿನ ಮೆಟ್ಟಿಲ ಮೇಲೆ ಅಪ್ಪ ಕೂತಿದ್ದ. ಕೆಲಸದ ನೀಲಿ ಅಂಗಿ ಹಾಗೇ ಇತ್ತು, ಶೂ ಬಿಚ್ಚಿರಲಿಲ್ಲ. ಎರಡೂ ಅಂಗೈ ಮೊಣಕಾಲ ಮೇಲಿದ್ದವು, ಬೆರಳು ಅದುರುತ್ತಿದ್ದವು.

ಇದನ್ನು ನೋಡಿಯೂ ನನಗೆ ಮೊದಲು ಬಂದದ್ದು ಕನಿಕರವಲ್ಲ, ನನಗಿಂತ ಮುಂಚೆ ಇವನು ಹಾಕಿಬಿಟ್ಟನಲ್ಲ ಎಂಬ ಹೊಟ್ಟೆಕಿಚ್ಚು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಗೇ ಆಯಿತು. ಆಮೇಲೆ ಕಾನೂನು ನೆನಪಾಯಿತು. ಏನೂ ಕೇಳದೆ ಅವನ ಪಕ್ಕ ಕೂತೆ. ಗೋಡೆಯಾಚೆ ಪ್ರೆಸ್ಸು ಬಡಿಯುತ್ತಿತ್ತು. ಕೊನೆಗೆ ಅವನೇ ಮಾತಾಡಿದ.

"ನಮ್ಮ ಶಾಪಿನ ಮಷಿನ್ ಎಲ್ಲಾ ಮಾರಿದ್ರವ್ವಾ. ನನ್ನ ಕಣ್ಣಮುಂದ ಲಾರಿಗೆ ಹೇರಿದ್ರು. ಮುಂಜಾನಿಂದ ಎದಿ ಹಿಂಗ ಬಡಕೊಳ್ಳಾಕತ್ತೈತಿ. ರೇಣುಗ ಆಗತೈತಲ್ಲ, ಹಂಗ."

ಅವನೇ ಮುಂದುವರಿಸಿದ:

"ಆ ಮೊಳಿ ಖಾಲಿ ಇತ್ತು. ಅದಕ್ಕ ಹಾಕಿದೆ."

ಆ ಕ್ಷಣ ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ.

"ಅಪ್ಪ, ನಂಗೂ ಆಗುತ್ತೆ. ಮೊದ್ಲಿಂದಾನೂ."

ಅವನು ನನ್ನ ಕಡೆ ತಿರುಗಲಿಲ್ಲ. ಯಂತ್ರದ ಮುಂದೆ ನಿಂತಾಗಿನಂತೆ ಕಣ್ಣು ಮುಚ್ಚಿಕೊಂಡಿದ್ದ.

"ಗೊತ್ತೈತಿ. ಮೊಳಿ ಯಾಕ ಹೊಡದೆ ಅಂತ ತಿಳದೀ?"

ನಾನು ಅಳತೊಡಗಿದೆ. ಗಟ್ಟಿ ಹುಡುಗಿ ಮುಖ ಮುಚ್ಚಿಕೊಳ್ಳದೆ, ಸದ್ದು ಮಾಡಿ ಅತ್ತಳು. ಅಷ್ಟರಲ್ಲಿ ಮುಂಬಾಗಿಲಲ್ಲಿ ರೇಣು ಚೀಲ ಕೆಳಗಿಟ್ಟ ಸದ್ದಾಯಿತು. ಹೆಜ್ಜೆಗಳು ಅಡುಗೆಮನೆಯ ಬಾಗಿಲ ಹತ್ತಿರ ಬಂದು ನಿಂತವು. ಅವಳು ಎರಡನೆಯ ಮೊಳೆಯನ್ನು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಹಿತ್ತಲಿಗೆ ಬಂದವಳು ಅಳುತ್ತಿದ್ದ ನನ್ನನ್ನು ನೋಡಿದಳು. ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಅಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿ, ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟ. ರೇಣು ನನ್ನ ಪಕ್ಕ ಒತ್ತಿಕೊಂಡು ಕೂತು, ನನ್ನ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ಅವ್ವ ತರಕಾರಿ ಹೊತ್ತು ಬರುವವರೆಗೂ ಬಿಡಲಿಲ್ಲ.

ಅಪ್ಪ ಈಗಿಲ್ಲ. ಕಳೆದ ತಿಂಗಳ ಸಭೆಯಲ್ಲಿ ಮೈಕು ನನ್ನ ಕೈಯಿಂದ ದಾಟಿ ಹೋದಾಗ ರೇಣು ದೂರದಿಂದ ನೋಡಿದಳು, ಏನೂ ಕೇಳಲಿಲ್ಲ. ಆ ಮಧ್ಯಾಹ್ನ ಕಾರ್ಡು ಹಾಕಿದ್ದು ನಾನಲ್ಲ, ಅಪ್ಪ ಎಂದು ನಾನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.